ಆ ನೀರಿನ ಬಣ್ಣ ಲ್ಯಾಬಿನದಲ್ಲ ಸ್ವಾಮೀ!



ಎರಡು ವಾರ ಈ ಪುಟದಲ್ಲಿ ನನ್ನ ಹರಟೆ ಇರಲಿಲ್ಲ. "ಎಲ್ಲಿ ಹಾಳಾಗಿ ಹೋದ್ರಿ?" ಅಂತ ಪ್ರೀತಿಯಿಂದ ಬೈದು ಬರೆದವರಿಗೆಲ್ಲ ಒಟ್ಟಿಗೇ ಉತ್ತರ ಹೇಳಿಬಿಡುತ್ತೇನೆ. ಸ್ವಿಟ್ಜರ್ಲೆಂಡಿಗೆ ಹೋಗಿದ್ದೆ! ನಗಬೇಡಿ. ಯಾವ ನಿರ್ಮಾಪಕರೂ ಕಳಿಸಿದ್ದಲ್ಲ, ಯಾವ ನಾಯಕಿಯ ಮೇಕಪ್ ಪೆಟ್ಟಿಗೆ ಹೊತ್ತುಕೊಂಡು ಹೋದದ್ದೂ ಅಲ್ಲ. ನನ್ನ ತಂಗಿಯ ಮಗ ಜ್ಯೂರಿಕ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. "ಮಾವ, ಬೇರೆಯವರು ಕುಣಿದ ಜಾಗದ ಬಗ್ಗೆ ಬರೆದು ಬರೆದು ಮುದುಕನಾದೆ. ಒಂದ್ಸಲ ಬಂದು ಕಣ್ಣಾರೆ ನೋಡು" ಅಂತ ಟಿಕೆಟ್ಟು ಕಳಿಸಿದ.

ಆದರೆ ನಾನು ಹೊರಟದ್ದಕ್ಕೆ ಅಸಲಿ ಕಾರಣ ಬೇರೆಯೇ ಇದೆ. ಅದೊಂದು ಬಾಜಿ. ನಲವತ್ತು ವರ್ಷಕ್ಕೂ ಹಳೆಯದು. ಸೋಲು ಗೆಲುವು ತೀರ್ಮಾನವಾಗದೆ ಹಾಗೇ ಉಳಿದುಬಿಟ್ಟಿತ್ತು.

ಟೆಂಟಿನಲ್ಲಿ ಕಟ್ಟಿದ ಬಾಜಿ

1980ರ ಆಸುಪಾಸು. ನಮ್ಮೂರಲ್ಲಿ ಆಗ ಟೂರಿಂಗ್ ಟಾಕೀಸು. ನೆಲ, ಬೆಂಚು, ಕುರ್ಚಿ ಅಂತ ಮೂರು ಜಾತಿಯ ಟಿಕೆಟ್ಟು. ನಾನು ಈ ಮೂರಕ್ಕೂ ಸೇರಿದವನಲ್ಲ! ಪ್ರೊಜೆಕ್ಟರ್ ಕೋಣೆಯಲ್ಲಿ ರೀಲು ಹಿಂದಕ್ಕೆ ಸುತ್ತಿಕೊಡುವ ಹೈಸ್ಕೂಲ್ ಹುಡುಗ. ಕೂಲಿ ಏನಪ್ಪಾ ಅಂದ್ರೆ, ಗೋಡೆಯ ಕಿಂಡಿಯಿಂದ ಪುಕ್ಕಟೆ ಸಿನಿಮಾ. ಆ ಕೋಣೆಯ ರಾಜ ನಮ್ಮ ಆಪರೇಟರಣ್ಣ. ಊರಿಗೆಲ್ಲ ಅವರು ಆಪರೇಟರಣ್ಣನೇ. ಬಾಯಲ್ಲಿ ಬೀಡಿ, ಕೈಯಲ್ಲಿ ಕಾರ್ಬನ್ ಕಡ್ಡಿ. ಪರದೆಯ ಮೇಲೆ ಹೀರೋ ಸಾಯುತ್ತಿದ್ದರೂ ಕಡ್ಡಿ ಸರಿಮಾಡುವುದರಲ್ಲೇ ಅವರ ಧ್ಯಾನ.

ಒಂದು ದಿನ ಯಾವುದೋ ಹಿಂದಿ ಚಿತ್ರ ಬಂತು. ಹೆಸರು ಮರೆತಿದೆ. ಪ್ರಿಂಟು ಎಷ್ಟು ಸವೆದಿತ್ತೆಂದರೆ ಬೇಸಿಗೆಯ ಸೀನಿನಲ್ಲೂ ಮಳೆ ಸುರಿದ ಹಾಗೆ ಗೆರೆ ಗೆರೆ. ಅದರಲ್ಲೊಂದು ಹಾಡು. ಸುತ್ತ ಹಿಮದ ಟೋಪಿ ಹಾಕಿಕೊಂಡ ಬೆಟ್ಟಗಳು, ನಡುವೆ ಸರೋವರ. ಅದರ ನೀರು... ಹೇಗೆ ಹೇಳಲಿ? ನವಿಲಿನ ಕತ್ತಿನ ಬಣ್ಣಕ್ಕೆ ಒಂದು ಲೋಟ ಹಾಲು ಬೆರೆಸಿದ ಹಾಗೆ! ನಾನು ಕಿಂಡಿಗೆ ಮೂಗು ಒತ್ತಿಕೊಂಡು, "ಅಣ್ಣಾ, ಎಂಥಾ ನೀರು!" ಅಂದೆ.

"ಲೋ ಬೆಪ್ಪೇ, ನೀರು ಎಲ್ಲಾದ್ರೂ ಆ ಬಣ್ಣಕ್ಕಿರ್ತದೇನೋ? ಎಲ್ಲಾ ಲ್ಯಾಬಿನೋರ ಕೈಚಳಕ. ನಮ್ಮ ಕೆರೆ ನೋಡಿದ್ದೀಯಲ್ಲ? ಅದು ನೀರಿನ ಬಣ್ಣ!"

"ಇಲ್ಲಣ್ಣ, ನಿಜ ಇರುತ್ತೆ."

"ಬಾಜಿ?"

"ಬಾಜಿ!"

ಸೋತವನು ಗೆದ್ದವನಿಗೆ ಕುರ್ಚಿ ಟಿಕೆಟ್ಟು ತೆಗೆಸಿಕೊಡಬೇಕು. ಅದೇ ಪಣ.

ಟೆಂಟು ಎದ್ದುಹೋಯಿತು. ಈಗ ಆ ಜಾಗದಲ್ಲಿ ಕಲ್ಯಾಣ ಮಂಟಪ. ಆಪರೇಟರಣ್ಣನಿಗೆ ಎಂಬತ್ತು ದಾಟಿದೆ. ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣು ಮಂಜು ಮಂಜು. ಹೊರಡುವ ಮುಂಚೆ ನೋಡಲು ಹೋಗಿದ್ದೆ. ಬಾಜಿ ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ!

"ಹೋಗ್ತಿದ್ದೀಯಾ? ಸರಿ. ಫೋಟೋ ಮಾತ್ರ ತರಬೇಡ. ಈಗ ಫೋನಲ್ಲೇ ಬಣ್ಣ ಬಳೀತಾರಂತಲ್ಲ, ನಂಬಲ್ಲ ನಾನು. ಒಂದು ಬಾಟ್ಲಿ ನೀರು ತಗೊಂಡು ಬಾ."

ಹೀಗೆ ಈ ಬಡ ಲೇಖಕ ಜನ್ಮದಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿದ್ದು ಒಂದು ಬಾಟ್ಲಿ ನೀರಿಗಾಗಿ.

ಎರಡು ನೀರು, ಎರಡು ಬಣ್ಣ

ಜ್ಯೂರಿಕ್‌ನಿಂದ ಬರ್ನ್ ಮೇಲೆ ಹಾದು ಇಂಟರ್‌ಲಾಕನ್‌ಗೆ ರೈಲಿನಲ್ಲಿ ಎರಡು ಗಂಟೆಯ ದಾರಿ. ಕೊನೆಯ ಭಾಗದಲ್ಲಿ ಹಳಿ ಥೂನ್ ಸರೋವರದ ದಂಡೆಯಲ್ಲೇ ಓಡುತ್ತದೆ. ನೀರು ಒಳ್ಳೇ ನೀಲಿ. ಚೆನ್ನಾಗಿತ್ತು, ಆದರೆ ನಾನು ಕಿಂಡಿಯಲ್ಲಿ ಕಂಡ ಬಣ್ಣ ಅದಲ್ಲ. ಎದೆ ಧಸಕ್ ಅಂದಿತು. ಆಪರೇಟರಣ್ಣನೇ ಗೆದ್ದರೋ ಏನೋ!

ಇಂಟರ್‌ಲಾಕನ್ ಅಂದ್ರೆ ಎರಡು ಸರೋವರಗಳ ನಡುವಿನ ಊರು ಅಂತಲೇ ಅರ್ಥ. ಒಂದು ಕಡೆ ಥೂನ್, ಇನ್ನೊಂದು ಕಡೆ ಬ್ರೀಂಜ್. ಸಿನಿಮಾ ಮಂದಿಗೆ ಈ ಊರು ತವರುಮನೆ ಇದ್ದಂತೆ. ರಾಜ್ ಕಪೂರರ 'ಸಂಗಂ' (1964) ಯೂರೋಪಿಗೆ ಕ್ಯಾಮೆರಾ ಹೊತ್ತುಕೊಂಡು ಹೋದ ಮೇಲೆ ಹಿಂದಿಯವರಿಗೆ ಸ್ವಿಸ್ ಹುಚ್ಚು ಹಿಡಿಯಿತು. ಯಶ್ ಚೋಪ್ರಾ ಬಂದ ಮೇಲಂತೂ ಅದು ಜ್ವರವೇ ಆಯಿತು. 'ಚಾಂದನಿ' (1989), ಅವರ ಮಗ ಆದಿತ್ಯ ನಿರ್ದೇಶಿಸಿದ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' (1995), ಒಂದೇ ಎರಡೇ! ಇಂಟರ್‌ಲಾಕನ್‌ನವರು 2016ರಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ನಮ್ಮ ದೇಶದವರು ಸಾಲಾಗಿ ನಿಂತು ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ತೆಗೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ?

ಆಮೇಲೆ ಸ್ಟೇಷನ್ ಹಿಂದಿನ ಕಟ್ಟೆಯಿಂದ ಬ್ರೀಂಜ್ ಸರೋವರಕ್ಕೆ ಹಡಗು ಹತ್ತಿದೆವು. ಮೊದಲು ಸ್ವಲ್ಪ ದೂರ ನದಿ. ನದಿ ದಾಟಿ ಸರೋವರ ತೆರೆದುಕೊಂಡಿತು ನೋಡಿ... ಅದೇ! ಅದೇ ನವಿಲಿನ ಕತ್ತು, ಅದೇ ಹಾಲು! ಗೆರೆ ಇಲ್ಲ, ಮಳೆ ಇಲ್ಲ, ಹೊಸ ಪ್ರಿಂಟು! ಪಕ್ಕದಲ್ಲಿದ್ದ ಜರ್ಮನ್ ಅಜ್ಜಿ ಬೆಚ್ಚಿಬೀಳುವ ಹಾಗೆ "ಗೆದ್ದೇ!" ಅಂತ ಕೂಗಿಬಿಟ್ಟೆ.

ಸ್ವಲ್ಪ ಲೆಕ್ಕ ಕೇಳಿ. ಉದ್ದ ಸುಮಾರು 14 ಕಿ.ಮೀ., ಅಗಲ ಎಲ್ಲೂ 3 ಕಿ.ಮೀ. ಮುಟ್ಟುವುದಿಲ್ಲ. ನೀರಿನ ಮಟ್ಟ ಸಮುದ್ರಕ್ಕಿಂತ 564 ಮೀಟರ್ ಮೇಲೆ. ಉತ್ತರಕ್ಕೆ ಗೋಡೆ ಎದ್ದ ಹಾಗೆ ಬೆಟ್ಟದ ಸಾಲು. ಅದರ ನೆತ್ತಿ ರೋಟ್‌ಹಾರ್ನ್, 2,350 ಮೀಟರ್. ಅಲ್ಲಿಗೆ 1892ರಿಂದ ಹಲ್ಲುಹಳಿಯ ಉಗಿಬಂಡಿ ಏದುಸಿರು ಬಿಡುತ್ತಾ ಹತ್ತುತ್ತಿದೆ. ದಕ್ಷಿಣದ ದಂಡೆಯಲ್ಲಿ ಗೀಸ್‌ಬಾಖ್ ಜಲಪಾತ 14 ಮೆಟ್ಟಿಲಾಗಿ ಇಳಿದು ಸರೋವರ ಸೇರುತ್ತದೆ. ಇನ್ನು ಆಳ? 260 ಮೀಟರ್! ಜೋಗದಲ್ಲಿ ರಾಜಾ ಧುಮುಕುವುದು 253 ಮೀಟರು. ಆ ಬಂಡೆಗೋಡೆಯನ್ನು ಎತ್ತಿ ತಂದು ಇದರೊಳಗೆ ನಿಲ್ಲಿಸಿದರೆ ತಲೆಯೂ ಕಾಣುವುದಿಲ್ಲ.

ಬಂಡೆಯನ್ನು ಬೀಸುವ ಹಿಮ

ಅಕ್ಕಪಕ್ಕದ ಎರಡು ಸರೋವರ, ನಡುವೆ ಒಂದೇ ನದಿ. ಒಂದು ನೀಲಿ, ಒಂದು ಹಾಲು ಬೆರೆತ ಹಸಿರು. ಯಾಕೆ? ಇದು ಗೊತ್ತಾಗದೆ ಹಿಂತಿರುಗಿದರೆ ಆಪರೇಟರಣ್ಣ ನನ್ನನ್ನು ಬಿಡುತ್ತಾರೆಯೇ? ಅಳಿಯನನ್ನು ಕಾಡಿದೆ, ಅಲ್ಲಿಯ ಫಲಕಗಳನ್ನು ಓದಿಸಿಕೊಂಡೆ, ಸಿಕ್ಕ ಪುಸ್ತಕ ತಿರುವಿದೆ.

ಹಿಮಯುಗದಲ್ಲಿ ಈ ಕಣಿವೆಯ ತುಂಬ ನೀರ್ಗಲ್ಲಿನ ನದಿ. ನೂರಾರು ಮೀಟರ್ ದಪ್ಪ. ಅದು ನಿಂತಿರುವುದಿಲ್ಲ ಸ್ವಾಮಿ, ತನ್ನ ಭಾರಕ್ಕೇ ಇಂಚಿಂಚಾಗಿ ಜಾರುತ್ತದೆ. ಜಾರುವಾಗ ಹೊಟ್ಟೆಯ ಕೆಳಗೆ ಸಿಕ್ಕ ಬಂಡೆಗಳನ್ನು ಎಳೆದುಕೊಂಡು ನೆಲವನ್ನೇ ಕೆತ್ತುತ್ತದೆ. ಹಾಗೆ ಕೆತ್ತಿದ ಬಾಣಲೆಯೇ ಈ ಸರೋವರ. ಹಿಮ ಹಿಂದೆ ಸರಿದಾಗ ಥೂನ್ ಮತ್ತು ಬ್ರೀಂಜ್ ಎರಡೂ ಸೇರಿ ಒಂದೇ ದೊಡ್ಡ ಸರೋವರವಾಗಿದ್ದವು. ಆಮೇಲೆ ಬೆಟ್ಟದ ಹೊಳೆಗಳು ತಂದು ಸುರಿದ ಮಣ್ಣು ಮರಳು ನಡುವೆ ಗುಡ್ಡೆ ಬಿದ್ದು ಅದನ್ನು ಎರಡು ಮಾಡಿತು. ಆ ಗುಡ್ಡೆಯ ಮೇಲೆ ಕೂತಿರುವ ಊರೇ ಇಂಟರ್‌ಲಾಕನ್. ಅಂದ್ರೆ ಯಶ್ ಚೋಪ್ರಾ ಪ್ರತಿಮೆ ನಿಂತಿರುವುದು ಹೊಳೆ ತಂದ ಮಣ್ಣಿನ ಮೇಲೆ!

ಬೆಟ್ಟದ ಮೇಲ್ಗಡೆ ಇವತ್ತಿಗೂ ಹಿಮನದಿಗಳಿವೆ. ಅವು ಇವತ್ತಿಗೂ ಬಂಡೆಯನ್ನು ಬೀಸುತ್ತಲೇ ಇವೆ, ನಮ್ಮ ಅಜ್ಜಿಯರ ಬೀಸುವ ಕಲ್ಲು ರಾಗಿ ಬೀಸಿದ ಹಾಗೆ. ಹಿಟ್ಟು ಎಷ್ಟು ನುಣ್ಣಗೆ ಅಂದ್ರೆ ನೀರಿಗೆ ಬಿದ್ದರೆ ತಳಕ್ಕಿಳಿಯಲು ದಿನಗಟ್ಟಲೆ ಬೇಕು. ಬೇಸಿಗೆಯಲ್ಲಿ ಹಿಮ ಕರಗಿದಾಗ ಆರೆ ಮತ್ತು ಲ್ಯೂಟ್ಶಿನೆ ಎಂಬ ಎರಡು ನದಿಗಳು ಈ ಕಲ್ಲಿನ ಹಿಟ್ಟನ್ನು ತಂದು ಬ್ರೀಂಜ್‌ಗೆ ಸುರಿಯುತ್ತವೆ. ಬಿಸಿಲು ಬಿದ್ದಾಗ ನೀರು ಕೆಂಪನ್ನು ನುಂಗಿಬಿಡುತ್ತದೆ. ಉಳಿದ ನೀಲಿ ಹಸಿರು ಬೆಳಕನ್ನು ಈ ಕಣಗಳು ಚೆದುರಿಸಿ ವಾಪಸ್ಸು ನಮ್ಮ ಕಣ್ಣಿಗೆ ಎಸೆಯುತ್ತವೆ. ಹಿಟ್ಟಿನ ಬಹುಪಾಲು ಇಲ್ಲೇ ತಂಗುವುದರಿಂದ, ಆರೆ ನದಿ ಮುಂದೆ ಥೂನ್ ಮುಟ್ಟುವ ಹೊತ್ತಿಗೆ ನೀರು ತಿಳಿ. ಅದಕ್ಕೇ ಅದು ನೀಲಿ.

ಲ್ಯಾಬು ಇದೆ ಅಂತ ಆಪರೇಟರಣ್ಣ ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಅಂತ ಆಗ ಅನ್ನಿಸಿತು. ಲ್ಯಾಬು ಇದೆ, ಆದರೆ ಅದು ಮದರಾಸಿನಲ್ಲೋ ಮುಂಬಯಿಯಲ್ಲೋ ಇಲ್ಲ, ಬೆಟ್ಟದ ಮೇಲಿದೆ!

ಐದು ಫ್ರಾಂಕಿನ ಗೇಟು

ಹಡಗು ಮುಕ್ಕಾಲು ಗಂಟೆಯಲ್ಲಿ ಇಸೆಲ್ಟ್‌ವಾಲ್ಡ್ ಎಂಬ ಹಳ್ಳಿ ಮುಟ್ಟಿತು. ಸುಮಾರು ನಾನೂರು ಜನರ ಹಳ್ಳಿ. ಮರದ ಮನೆಗಳು, ಕಿಟಕಿಯಲ್ಲಿ ಹೂವಿನ ಕುಂಡ. ಹಳ್ಳಿಯ ದಂಡೆಯಿಂದ ನೀರೊಳಕ್ಕೆ ಚಾಚಿಕೊಂಡ ಒಂದು ಪುಟ್ಟ ಮರದ ಕಟ್ಟೆ. ಅದರ ಮುಂದೆ ಜನವೋ ಜನ!

ಕಾರಣ ಸಿನಿಮಾ ಅಲ್ಲ, ಕೊರಿಯಾದ ಒಂದು ಧಾರಾವಾಹಿ. 'ಕ್ರಾಷ್ ಲ್ಯಾಂಡಿಂಗ್ ಆನ್ ಯು'. 2019ರ ಡಿಸೆಂಬರಿನಿಂದ 2020ರ ಫೆಬ್ರುವರಿವರೆಗೆ ಪ್ರಸಾರವಾಯಿತು. ಉತ್ತರ ಕೊರಿಯಾದ ಸೈನ್ಯಾಧಿಕಾರಿ, ದಕ್ಷಿಣ ಕೊರಿಯಾದ ಶ್ರೀಮಂತ ಹುಡುಗಿ, ನಡುವೆ ಗಡಿ! ನಮ್ಮ ಕಥೆಗಾರರು ಹೊಟ್ಟೆಕಿಚ್ಚು ಪಡಬೇಕು. ನಾಯಕ ಹ್ಯೂನ್ ಬಿನ್ ಈ ಕಟ್ಟೆಯ ಮೇಲೆ ಕೂತು ಪಿಯಾನೋ ನುಡಿಸುತ್ತಾನೆ. ಅಷ್ಟೇ. ಆ ಒಂದು ಸೀನು ನೋಡಿದ ಜನ ಏಷ್ಯಾದ ಮೂಲೆಮೂಲೆಯಿಂದ ಬಂದರು. (ಗಾಸಿಪ್ ಪ್ರಿಯರಿಗೆ: ಹ್ಯೂನ್ ಬಿನ್ ಮತ್ತು ನಾಯಕಿ ಸೋನ್ ಯೆ-ಜಿನ್ 2022ರಲ್ಲಿ ನಿಜವಾಗಿಯೂ ಮದುವೆಯಾದರು!)

ಬಂದವರು ಹಳ್ಳಿಗೆ ಬಿಟ್ಟುಹೋದದ್ದು ಕಸ, ಗದ್ದಲ, ದಾರಿ ತುಂಬ ಬಸ್ಸು. ಹಳ್ಳಿಯವರು ತಡೆದುಕೊಂಡರು, ತಡೆದುಕೊಂಡರು, ಕೊನೆಗೆ 2023ರಲ್ಲಿ ಕಟ್ಟೆಗೆ ತಿರುಗುವ ಗೇಟು ಹಾಕಿಬಿಟ್ಟರು. ಒಳಗೆ ಹೋಗಿ ಫೋಟೋ ತೆಗೆಸಿಕೊಳ್ಳಬೇಕೇ? ಐದು ಫ್ರಾಂಕ್. ನಮ್ಮ ಲೆಕ್ಕದಲ್ಲಿ ಐನೂರು ರೂಪಾಯಿಯ ಆಸುಪಾಸು. ಗೇಟಿನ ಮುಂದೆ ನನ್ನ ಜೇಬು ಅತ್ತಿತು.

ಆಗ ಹಿಂದಿನಿಂದ ಅಚ್ಚಕನ್ನಡ ಕೇಳಿಸಿತು. "ಮಗಾ, ಐದು ಫ್ರಾಂಕ್ ಯಾರು ಕೊಡ್ತಾರೆ? ಪಕ್ಕದಿಂದ ಹಾರ್ಬಿಡೋಣ!"

ಮೂವರು ಹುಡುಗರು. ಬೆಂಗಳೂರಿನವರು. ಅವರ ಮಾತು ಕೇಳಿ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ, ಯಾಕಂದ್ರೆ ಅದೇ ಕ್ಷಣ ನನ್ನ ತಲೆಯಲ್ಲೂ ಅದೇ ಯೋಚನೆ ಓಡುತ್ತಿತ್ತು! ಆದರೆ ತಕ್ಷಣ ನಮ್ಮಜ್ಜಿ ನೆನಪಾದಳು.

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲೇ ಒಮ್ಮೆ ಶೂಟಿಂಗ್ ಆಗಿತ್ತು. ಹೀರೋ ನೋಡಲು ಊರಿಗೆ ಊರೇ ನಮ್ಮ ಕಾಂಪೌಂಡ್ ಹಾರಿ ಒಳಗೆ ಬಂತು. ಅಜ್ಜಿಯ ಕನಕಾಂಬರದ ಪಾತಿ ನೆಲಸಮ. ಹಾರಿದವರಲ್ಲಿ ಮೊದಲಿಗ ನಾನೇ! ಅಜ್ಜಿ ಹೀರೋಗೆ ಬೈಯಲಿಲ್ಲ, ಯೂನಿಟ್ಟಿನವರಿಗೂ ಬೈಯಲಿಲ್ಲ. ನನ್ನ ಕಿವಿ ಹಿಡಿದು ಹೇಳಿದಳು: "ನಿನ್ನ ಹೀರೋ ಸಂಜೆಗೆ ಕಾರು ಹತ್ತಿ ಹೋಗ್ತಾನೆ ಕಣೋ. ಈ ಗಿಡ ಎಲ್ಲಿಗೆ ಹೋಗ್ತದೆ?"

ನಾನು ತಿರುಗಿ, "ಹಾರಬೇಡ್ರಪ್ಪಾ, ಬೇಕಾದ್ರೆ ನಿಮ್ಮ ದುಡ್ಡು ನಾನು ಕೊಡ್ತೀನಿ" ಅಂದೆ. ಆ ಹಿಮದ ನಾಡಿನಲ್ಲಿ ಬಿಳಿ ಮೀಸೆಯ ಮನುಷ್ಯನ ಬಾಯಿಂದ ಕನ್ನಡ ಕೇಳಿ ಮೂವರಿಗೂ ಕರೆಂಟು ಹೊಡೆದ ಹಾಗಾಯಿತು. ಒಳ್ಳೇ ಹುಡುಗರು. ನಾಚಿಕೊಂಡು ತಾವೇ ಕೊಟ್ಟರು. ಆಮೇಲೆ ಒಬ್ಬ ಮೆಲ್ಲಗೆ, "ಅಂಕಲ್, ನಮ್ದೊಂದು ಫೋಟೋ ತೆಗೀತೀರಾ?" ಅಂದ. ತೆಗೆದೆ. ನಾನೂ ಗಾಳಿಯಲ್ಲಿ ಪಿಯಾನೋ ನುಡಿಸುತ್ತಾ ಒಂದು ತೆಗೆಸಿಕೊಂಡೆ.

ಹಾಗೆ ನುಡಿಸುತ್ತಾ ತಲೆ ಎತ್ತಿದರೆ, ಎದುರಿನ ಮನೆಯ ಕಿಟಕಿಯಲ್ಲಿ ಒಬ್ಬ ಮುದುಕಿ. ಕಣ್ಣು ಕಣ್ಣು ಸೇರಿತು. ಆಕೆ ಬೈಯಲಿಲ್ಲ, ನಗಲೂ ಇಲ್ಲ. ಪರದೆ ಎಳೆದುಕೊಂಡಳು. ಟೆಂಟಿನಲ್ಲಿ ಪರದೆ ಎದ್ದಾಗ ಶಿಳ್ಳೆ ಹೊಡೆದವನು ನಾನು. ನನ್ನನ್ನು ನೋಡಿ ಒಬ್ಬರು ಪರದೆ ಎಳೆದದ್ದು ಅದೇ ಮೊದಲು. ಗಾಳಿಯ ಪಿಯಾನೋ ನಿಲ್ಲಿಸಿ ಸುಮ್ಮನೆ ಇಳಿದು ಬಂದೆ.

ನೀರಿನ ಕೆಳಗೆ, ಬೆಟ್ಟದ ಮೇಲೆ

ಬ್ರೀಂಜ್ ಊರಿನ ದಂಡೆಯಲ್ಲಿ ಬಗ್ಗಿ ಬಾಟ್ಲಿ ತುಂಬಿಸಿದೆ. ಬೇಸಿಗೆಯ ಮಧ್ಯಾಹ್ನ, ಆದರೂ ಕೈ ಮರಗಟ್ಟಿತು. ಬಿಸಿಲಿದೆ ಅಂತ ಯಾರೂ ದುಡುಕಿ ಧುಮುಕಬೇಡಿ. ಹಿಮದಿಂದ ಇಳಿದು ಬಂದ ನೀರು, ಮೈ ಹಿಡಿದುಕೊಂಡರೆ ಈಜು ಬಲ್ಲವನಿಗೂ ಕಷ್ಟ.

ಈ ಸುಂದರಿಯ ಹೊಟ್ಟೆಯೊಳಗೆ ಏನಿದೆ ಗೊತ್ತಾ? ಮದ್ದುಗುಂಡು! ಬೇಡವಾದ ಮದ್ದುಗುಂಡುಗಳನ್ನು ಸ್ವಿಸ್ ಸೈನ್ಯ 1960ರ ದಶಕದವರೆಗೂ ಬ್ರೀಂಜ್, ಥೂನ್ ಮುಂತಾದ ಸರೋವರಗಳಲ್ಲಿ ಮುಳುಗಿಸುತ್ತಿತ್ತು. ಅವನ್ನು ಅಪಾಯವಿಲ್ಲದೆ ಮೇಲೆತ್ತುವ ಉಪಾಯ ಹೇಳಿದವರಿಗೆ ಒಟ್ಟು 50,000 ಫ್ರಾಂಕ್ ಬಹುಮಾನ ಅಂತ 2024ರಲ್ಲಿ ಸರ್ಕಾರದವರೇ ಸ್ಪರ್ಧೆ ಇಟ್ಟರು.

ಬ್ರೀಂಜ್ ಊರನ್ನೂ ಬೆಟ್ಟ ಸುಮ್ಮನೆ ಬಿಟ್ಟಿಲ್ಲ. 2005ರ ಆಗಸ್ಟಿನ ಮಳೆಗೆ ಮಣ್ಣು ಬಂಡೆ ನುಗ್ಗಿ ಇಬ್ಬರು ಸತ್ತರು. 2024ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂಡೆ ಹೊತ್ತುಕೊಂಡು ಬೀದಿಗೆ ಬಂತು. ನಾವು ಹಾಡಿನ ಸೆಟ್ ಅಂದುಕೊಂಡ ಜಾಗದಲ್ಲಿ ಜನ ಬದುಕುತ್ತಾರೆ, ಮಳೆ ಬಂದ ರಾತ್ರಿ ಎದ್ದು ಕೂರುತ್ತಾರೆ.

ಎಲ್ಲಕ್ಕಿಂತ ಕಳವಳದ ಮಾತು ಬೆಟ್ಟದ ಮೇಲಿನ ಲ್ಯಾಬಿನದು. 2022ರ ಒಂದೇ ವರ್ಷದಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಹಿಮದಲ್ಲಿ ಶೇಕಡಾ 6ರಷ್ಟು ಕಳೆದುಕೊಂಡವು. 2023ರಲ್ಲಿ ಇನ್ನೂ ಶೇಕಡಾ 4. ಎರಡೇ ವರ್ಷದಲ್ಲಿ ಹತ್ತರಲ್ಲೊಂದು ಪಾಲು ನೀರಾಗಿ ಹರಿದುಹೋಯಿತು. ಬೀಸುವ ಕಲ್ಲೇ ಕರಗಿಹೋದ ಮೇಲೆ ಹಿಟ್ಟು ಎಲ್ಲಿಂದ? ಹಿಟ್ಟಿಲ್ಲದ ಮೇಲೆ ಈ ಬಣ್ಣ ಎಲ್ಲಿಂದ? ನೀರು ಇರುತ್ತದೆ, ಬೆಟ್ಟ ಇರುತ್ತದೆ. ನಾನು ಕಿಂಡಿಯಿಂದ ಕಂಡ ಆ ನವಿಲಿನ ಕತ್ತು ಮುಂದೊಂದು ದಿನ ಹಳೇ ಪ್ರಿಂಟುಗಳಲ್ಲಷ್ಟೇ ಉಳಿದೀತು.

ಬಾಟ್ಲಿಯ ತೀರ್ಪು

ವಿಮಾನದ ಕೈಚೀಲದಲ್ಲಿ ನೀರು ಬಿಡುವುದಿಲ್ಲ. ಪಂಚೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಟ್ಟೆ. ಊರಿಗೆ ಬಂದವನೇ ಸೀದಾ ಆಪರೇಟರಣ್ಣನ ಮನೆಗೆ ಹೋದೆ. ಹೆಮ್ಮೆಯಿಂದ ಬಾಟ್ಲಿ ಕೈಗಿಟ್ಟೆ.

ಅವರು ಅದನ್ನು ಎಡಗಣ್ಣಿನ ಹತ್ತಿರ ಹಿಡಿದರು. ಬಾಗಿಲ ಬೆಳಕಿಗೆ ಹಿಡಿದರು. ಮೊಮ್ಮಗಳನ್ನು ಕರೆದು ತೋರಿಸಿದರು. "ಯಾವ ಬಣ್ಣ ಪುಟ್ಟಿ?"

"ಯಾವ ಬಣ್ಣಾನೂ ಇಲ್ಲ ತಾತ. ಬರೀ ನೀರು!"

"ನೋಡ್ದಾ?" ಅಂತ ತೊಡೆ ತಟ್ಟಿ ನಕ್ಕರು. "ನಾನು ಅವತ್ತೇ ಹೇಳಿರ್ಲಿಲ್ವಾ, ಲ್ಯಾಬು ಅಂತ? ತೆಗಿ ಕುರ್ಚಿ ಟಿಕೆಟ್ಟು!"

ನನ್ನ ಮುಖ ಪೆಚ್ಚಾಯಿತು. ನಿಜ ತಾನೇ, ಬಾಟ್ಲಿಯ ಬೆರಳುದ್ದ ನೀರಿನಲ್ಲಿ ಬಣ್ಣ ಹೇಗೆ ಕಾಣಬೇಕು? ಕಿಟಕಿಯ ಗಾಜನ್ನು ಎದುರಿನಿಂದ ನೋಡಿದರೆ ಬಣ್ಣವಿಲ್ಲ, ಅಂಚಿನಿಂದ ನೋಡಿದರೆ ಹಸಿರು. ಆಳ ಬೇಕು. ಆದರೆ 260 ಮೀಟರ್ ಆಳವನ್ನು ನಾನು ಪೆಟ್ಟಿಗೆಯಲ್ಲಿ ತರಲಿಲ್ಲವಲ್ಲ! ಕಲ್ಲಿನ ಹಿಟ್ಟು, ಬೆಳಕು ಅಂತ ಏನೇನೋ ತೊದಲಿದೆ. ಅವರು ತಲೆ ಕೊಡವಿದರು. ಕೊನೆಗೆ ಒಂದು ಯೋಚನೆ ಹೊಳೆಯಿತು.

"ಅಣ್ಣಾ, ಟೆಂಟಿನಲ್ಲಿ ಪ್ರೊಜೆಕ್ಟರಿನಿಂದ ಪರದೆವರೆಗೂ ಬೆಳಕಿನ ದಾರಿ ಕಾಣ್ತಿತ್ತಲ್ಲ, ಯಾಕೆ ಕಾಣ್ತಿತ್ತು?"

"ಅದೇನು ಕೇಳ್ತೀಯೋ, ಬೀಡಿ ಹೊಗೆ! ಧೂಳು! ನೆಲದೋರೆಲ್ಲ ಬೀಡಿ ಹಚ್ಚಿದ ದಿನ ಗಟ್ಟಿಯಾಗಿ ಕಾಣೋದು, ಕೈಯಲ್ಲಿ ಹಿಡೀಬಹುದು ಅನ್ನೋ ಹಾಗೆ. ಜನ ಇಲ್ಲದ ದಿನ ಏನೂ ಕಾಣ್ತಿರ್ಲಿಲ್ಲ."

ಬಾಗಿಲು ಮುಚ್ಚಿದೆ. ಮೊಮ್ಮಗಳ ಕೈಗೆ ಟಾರ್ಚು ಕೊಟ್ಟು ಬಾಟ್ಲಿಯ ಪಕ್ಕದಿಂದ ಬಿಡಲು ಹೇಳಿದೆ. ಕತ್ತಲ ಕೋಣೆಯಲ್ಲಿ, ಆ ನೀರಿನೊಳಗೆ, ಈ ಬದಿಯಿಂದ ಆ ಬದಿಗೆ ಬೆಳಕಿನ ಒಂದು ಕೋಲು ಎದ್ದು ನಿಂತಿತು. ಪಕ್ಕದಲ್ಲಿ ನಮ್ಮ ಕುಡಿಯುವ ನೀರಿನ ಲೋಟ ಇಟ್ಟು ಟಾರ್ಚು ಬಿಟ್ಟೆವು. ಅಲ್ಲಿ ಹೆಚ್ಚೇನೂ ಕಾಣಲಿಲ್ಲ.

ಆಪರೇಟರಣ್ಣ ಮಾತಾಡಲಿಲ್ಲ. ಬಗ್ಗಿ, ಎಡಗಣ್ಣನ್ನು ಬಾಟ್ಲಿಗೆ ಅಂಟಿಸಿ ನೋಡುತ್ತಾ ಕೂತರು. ಕಿಂಡಿಯಲ್ಲಿ ನೋಡುತ್ತಿದ್ದರಲ್ಲ, ಹಾಗೆ. ಮಗು, "ತಾತ, ಕೈ ನೋಯ್ತಿದೆ" ಅನ್ನುವವರೆಗೂ ಏಳಲಿಲ್ಲ.

"ಸರಿ ಕಣೋ," ಅಂದರು ಕೊನೆಗೆ. "ಬೆಟ್ಟದ ಧೂಳು ಸೇರಿದೆ. ಲ್ಯಾಬಲ್ಲ. ಸೋತೆ. ಆದ್ರೆ ಟೆಂಟೇ ಇಲ್ಲ, ಕುರ್ಚಿ ಟಿಕೆಟ್ಟು ಎಲ್ಲಿಂದ ತರ್ಲಿ?"

"ಪಟ್ಟಣದ ಟಾಕೀಸಿಗೆ ಹೋಗೋಣಣ್ಣ. ಈ ಭಾನುವಾರ."

"ನಂಗೇನು ಕಾಣ್ತದೋ ಅಲ್ಲಿ? ಆಗ್ಲಿ, ಬರ್ತೀನಿ. ಕೊನೇ ಸಾಲಲ್ಲಿ ಕೂರಿಸು. ಬೆಳಕು ತಲೆ ಮೇಲೆ ಹೋಗಬೇಕು."

ಬಾಟ್ಲಿ ಅವರ ಹತ್ತಿರವೇ ಇದೆ. ಕರೆಂಟು ಹೋದಾಗಲೆಲ್ಲ ಮೊಮ್ಮಗಳಿಂದ ಟಾರ್ಚು ಬಿಡಿಸಿಕೊಂಡು ನೋಡುತ್ತಾರಂತೆ.

ಗೆಳೆಯರೇ, ನಿಮ್ಮಲ್ಲಿ ಕೆಲವರು ನಾಳೆ ಅಲ್ಲಿಗೂ ಹೋಗುತ್ತೀರಿ, ನನಗೆ ಗೊತ್ತು. ಹೋಗಿ. ಬೇಸಿಗೆಯಲ್ಲಿ ಹೋಗಿ, ಹಿಟ್ಟು ತುಂಬಿ ಬಣ್ಣ ಏರಿರುತ್ತದೆ. ಗೇಟಿನಲ್ಲಿ ಐದು ಫ್ರಾಂಕು ಕೊಡಿ, ಹಾರಬೇಡಿ. ಕಟ್ಟೆಯ ಎದುರಿನ ಮನೆಯ ಕಿಟಕಿಯಲ್ಲಿ ಒಬ್ಬ ಅಜ್ಜಿ ಕಂಡರೆ ಫೋನು ಕೆಳಗಿಳಿಸಿ, ಒಂದು ನಮಸ್ಕಾರ ಹಾಕಿ. ನನ್ನ ಲೆಕ್ಕದಲ್ಲೂ ಒಂದು ಸೇರಿಸಿ.

ಭಾನುವಾರ ಆಪರೇಟರಣ್ಣನ ಜೊತೆ ನೋಡಿದ ಚಿತ್ರ ಯಾವುದು, ಮಧ್ಯಂತರದಲ್ಲಿ ಅವರು ಎದ್ದು ಪ್ರೊಜೆಕ್ಟರ್ ಕೋಣೆಗೆ ನುಗ್ಗಿ ಏನು ರಂಪ ಮಾಡಿದರು... ಮುಂದಿನ ವಾರ!